ಡ್ರಿಲ್ ಮೇಷ್ಟ್ರ ತಂಗಿ

ನನ್ನ ಮೊಣಕಾಲಿಗೆ ವ್ಯಾಯಾಮ ಮಾಡಿಸಲು ಆಸ್ಪತ್ರೆಯಿಂದ ಒಬ್ಬ ಹುಡುಗಿ ಮನೆಗೆ ಬರುತ್ತಾಳೆ. ಹೋದ ವಾರ ಬಸ್ಸು ತಪ್ಪಿಸಿಕೊಂಡು ಬಾಳಗಡಿಯಿಂದ ನಡೆದೇ ಬಂದಿದ್ದಳು. ನನ್ನ ಕಾಲು ಎತ್ತಿ ಹಿಡಿಯಲು ಬಗ್ಗಿದಾಗ ಅವಳ ಬೆವರಿನ ವಾಸನೆ ಬಂತು. ಅವಳಿಗೆ ಸಂಕೋಚವಾಗಿ, "ಸಾರಿ ಅಜ್ಜಿ" ಎಂದು ಹಿಂದೆ ಸರಿದಳು. ಒಲೆಯ ಮುಂದೆ ಬೆಂದ ಹೆಂಗಸರ ಬೆವರು ಮೂಸಿಯೇ ಬೆಳೆದವಳು ನಾನು. ಬೇಕೆಂದೇ ಮೈ ದಣಿಸಿಕೊಂಡ ಹೆಂಗಸಿನ ಬೆವರು ಬೇರೆ. ಅದನ್ನು ನಾನು ಮೊದಲು ಕಂಡದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ, ಕೊಪ್ಪದ ಪೇಟೆಯ ಒಂದು ಸೌದೆ ಕೊಟ್ಟಿಗೆಯಲ್ಲಿ, ಪಕ್ಕದ ಮನೆಯ ಅಕ್ಕನ ಹತ್ತಿರ...

ಆ ಅಕ್ಕ ಮಿಡ್ಲ್ ಸ್ಕೂಲಿನ ಡ್ರಿಲ್ ಮೇಷ್ಟ್ರ ತಂಗಿ. ಶೃಂಗೇರಿಯಲ್ಲಿ ಬಟ್ಟೆ ಅಂಗಡಿ ಇಟ್ಟವನೊಬ್ಬನಿಗೆ ಕೊಟ್ಟಿದ್ದರು. ಗೌರಿ ಹಬ್ಬಕ್ಕೆಂದು ತವರಿಗೆ ಕಳಿಸಿದವರು ತಿರುಗಿ ಕರೆಸಿಕೊಳ್ಳಲಿಲ್ಲ. ಕಾರಣ ಕೇಳಲು ಹೋದ ಮೇಷ್ಟ್ರಿಗೆ ಅಂಗಡಿಯಲ್ಲಿ ಗಿರಾಕಿಗಳ ಎದುರಿಗೇ ಉತ್ತರ ಸಿಕ್ಕಿತಂತೆ: "ಅಷ್ಟು ದಪ್ಪದವಳನ್ನು ಕಟ್ಟಿಕೊಂಡು ಬೀದೀಲಿ ಹ್ಯಾಗೆ ಓಡಾಡೋದು ಮಾರಾಯ್ರೆ? ಜನ ನಗ್ತಾರೆ." ಮರುವರ್ಷ ಅವನು ಇನ್ನೊಂದು ಮದುವೆ ಮಾಡಿಕೊಂಡ. ಗಂಡಸರನ್ನು, ಅದರಲ್ಲೂ ಹಿರಿಯರನ್ನು, ಏಕವಚನದಲ್ಲಿ ಬರೆಯಬಾರದೆಂದು ನನಗೆ ಕಲಿಸಿದ್ದಾರೆ. ಇವನ ವಿಷಯದಲ್ಲಿ ಆ ಪಾಠ ನನಗೆ ಬೇಡ.

ಮೇಷ್ಟ್ರ ಹೆಂಡತಿ ಮೊದಲೇ ತೀರಿಹೋಗಿದ್ದರು. ಅಣ್ಣನಿಗೆ ಅಡಿಗೆ ಮಾಡಿ ಹಾಕಿಕೊಂಡು ಅಕ್ಕ ಒಳಗೇ ಇರುತ್ತಿದ್ದಳು. ಹೊರಗೆ ಬಂದರೆ ಸೆರಗನ್ನು ಎರಡು ಸುತ್ತು ಹೊದ್ದು, ಭುಜ ಮುಂದಕ್ಕೆ ಮುದುಡಿ, ಗೋಡೆಯ ಪಕ್ಕಕ್ಕೇ ನಡೆಯುತ್ತಿದ್ದಳು. ನಮ್ಮ ಬೀದಿಯ ಹೆಂಗಸರು ಅಷ್ಟನ್ನೂ ಬಿಡಲಿಲ್ಲ. ಬಾವಿಕಟ್ಟೆಯಲ್ಲಿ ಅವಳಿಗೆ ಕೇಳುವ ಹಾಗೆ, "ಎಂತ ತಿಂತಾಳೋ, ಗಂಡ ಬಿಟ್ಟ ದುಃಖಕ್ಕಾದರೂ ಇಳೀಬಾರದಾ" ಎನ್ನುತ್ತಿದ್ದರು. ಹೀಗೆ ಹೇಳುವವರಲ್ಲಿ ನಮ್ಮಜ್ಜಿ ಮುಂದು.

ನನ್ನ ಪಾಡೂ ಹೆಚ್ಚು ಕಡಿಮೆ ಅದೇ. ಹನ್ನೆರಡು ವರ್ಷಕ್ಕೇ ಅಪ್ಪನ ಹೆಗಲಿಗೆ ಬಂದಿದ್ದೆ. ಇಷ್ಟುದ್ದದ ಹುಡುಗಿಗೆ ಗಂಡು ಎಲ್ಲಿ ಸಿಗುತ್ತದೆ ಎಂದು ಅಜ್ಜಿ ದಿನಾ ಗೊಣಗುತ್ತಿದ್ದಳು. ಗಿಡ್ಡ ಕಾಣಲೆಂದು ನಾನು ಬೆನ್ನು ಬಗ್ಗಿಸಿ ನಡೆಯುವುದನ್ನು ಅಭ್ಯಾಸ ಮಾಡಿಕೊಂಡಿದ್ದೆ. ಕನ್ನಡಿಯಲ್ಲಿ ಮುಖ ಮಾತ್ರ ನೋಡಿಕೊಳ್ಳುತ್ತಿದ್ದೆ, ಕತ್ತಿನಿಂದ ಕೆಳಗೆ ನೋಡುತ್ತಿರಲಿಲ್ಲ.

ಒಂದು ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ, ನಮ್ಮ ಬೆಕ್ಕಿನ ಮರಿ ಹುಡುಕಿಕೊಂಡು ಮೇಷ್ಟ್ರ ಮನೆಯ ಸೌದೆ ಕೊಟ್ಟಿಗೆಗೆ ಹೋದೆ. ಒಳಗೆ ಅಕ್ಕ ಸೀರೆಯನ್ನು ಕಚ್ಚೆ ಹಾಕಿ ಕಟ್ಟಿಕೊಂಡು, ಅಣ್ಣನ ಮರದ ಡಂಬೆಲ್ಲುಗಳನ್ನು ಎರಡೂ ಕೈಯಲ್ಲಿ ಹಿಡಿದು ಮೇಲಕ್ಕೆ, ಪಕ್ಕಕ್ಕೆ, ಕೆಳಕ್ಕೆ ಬೀಸುತ್ತಿದ್ದಳು. ಶಾಲೆಯ ಬಯಲಿನಲ್ಲಿ ಹುಡುಗರು ಮಾಡುವುದನ್ನು ಕಿಟಕಿಯಿಂದ ನೋಡಿ ಕಲಿತದ್ದು. ರವಿಕೆ ಬೆನ್ನಿಗೆ ಅಂಟಿತ್ತು. ನನ್ನನ್ನು ಕಂಡು ಅವಳು ನಿಲ್ಲಿಸಲಿಲ್ಲ.

"ಬಾಯಿ ಬಿಟ್ಟರೆ ನೋಡು" ಎಂದಳು. ಆಮೇಲೆ, "ಬೆನ್ನು ಯಾಕೆ ಹಾಗೆ ಬಗ್ಗಿಸಿದ್ದೀಯೇ? ನೆಟ್ಟಗೆ ನಿಲ್ಲು."

ಅವತ್ತಿನಿಂದ ನಾನೂ ಅಲ್ಲಿ ಸೇರಿಕೊಂಡೆ. ಅಕ್ಕ ಪ್ರೀತಿಯಿಂದ ಕಲಿಸಿದಳು ಎಂದರೆ ಸುಳ್ಳಾಗುತ್ತದೆ. ಬೆನ್ನು ಬಗ್ಗಿದರೆ ಬೆರಳಿನ ಗೆಣ್ಣಿನಿಂದ ತಿವಿಯುತ್ತಿದ್ದಳು. ಸುಸ್ತಾಯಿತು ಎಂದರೆ, "ಹಾಗಾದರೆ ಹೋಗಿ ಅಜ್ಜಿ ಕಾಲೊತ್ತು" ಎನ್ನುತ್ತಿದ್ದಳು. ಮೊದಮೊದಲು ರಾತ್ರಿ ತೋಳು ಸಿಡಿಯುತ್ತಿತ್ತು. ಆಮೇಲೆ ಒಂದು ದಿನ ಬಾವಿಯಿಂದ ತುಂಬಿದ ಕೊಡವನ್ನು ಒಂದೇ ಸಲಕ್ಕೆ ಸೊಂಟಕ್ಕೆ ಏರಿಸಿದಾಗ, ಈ ಉದ್ದ ಕೈ ನನ್ನದೇ, ಇದರಿಂದ ಉಪಯೋಗವಿದೆ ಎಂದು ಹೊಳೆಯಿತು. ಅಲ್ಲಿಯವರೆಗೆ ಅದು ಬರೀ ಮುಚ್ಚಿಡಬೇಕಾದ ವಸ್ತುವಾಗಿತ್ತು.

ಮೇಷ್ಟ್ರಿಗೆ ಗೊತ್ತಾದದ್ದು ಶಾಲೆಗೆ ಅರ್ಧ ದಿನ ರಜ ಇದ್ದಾಗ. ಬಾಗಿಲಲ್ಲಿ ಅವರು ನಿಂತದ್ದನ್ನು ನೋಡಿ ನನ್ನ ಜೀವವೇ ಹೋಯಿತು. ಬಯಲಿನಲ್ಲಿ ಸೀಟಿ ಊದಿ ಊರಿನ ಹುಡುಗರನ್ನೆಲ್ಲ ಕುಣಿಸುವ ಮನುಷ್ಯ ಮನೆಯಲ್ಲಿ ಮಾತಾಡಿದ್ದೇ ಕಡಿಮೆ. ಸ್ವಲ್ಪ ಹೊತ್ತು ನೋಡಿದರು. ಹತ್ತಿರ ಬಂದು ತಂಗಿಯ ಮೊಣಕೈಯನ್ನು ಎರಡು ಬೆರಳಷ್ಟು ಮೇಲೆತ್ತಿ, "ಇಲ್ಲಿಗೆ ಬರಬೇಕು" ಎಂದು ಹೇಳಿ ಒಳಗೆ ಹೋದರು. ಅಲ್ಲಿಯವರೆಗೆ ಅಕ್ಕ ಅಣ್ಣನ ಪೆಟ್ಟಿಗೆಯ ಬೀಗ ಕದ್ದು ತೆಗೆದು ತರುತ್ತಿದ್ದ ಡಂಬೆಲ್ಲುಗಳು ಆಮೇಲೆ ಕೊಟ್ಟಿಗೆಯಲ್ಲೇ ಇರುತ್ತಿದ್ದವು.

ಅಕ್ಕ ತೆಳ್ಳಗಾಗಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಕೇಳಿದವರೆಲ್ಲ ತೆಳ್ಳಗಾದಳೇ ಎಂದೇ ಕೇಳುತ್ತಾರೆ. ಮೈ ಬಿಗಿಯಿತು, ಅಷ್ಟೇ. ಸುತ್ತಳತೆ ಇದ್ದಷ್ಟೇ ಇತ್ತು. ಆದರೆ ಗೋಡೆಯ ಪಕ್ಕ ಬಿಟ್ಟು ರಸ್ತೆಯ ನಡುವೆ ನಡೆಯತೊಡಗಿದಳು. ಸೆರಗು ಒಂದೇ ಸುತ್ತಾಯಿತು. ಬೆಳಿಗ್ಗೆ ಬಾಳಗಡಿಯವರೆಗೆ ಬೀಸಾಗಿ ನಡೆದು, ಕೈಯಲ್ಲೊಂದಿಷ್ಟು ಹೂ ಹಿಡಿದು ಬರುತ್ತಿದ್ದಳು. ಹೂವು ನೆಪ. ಅಂಗಡಿ ಕಟ್ಟೆಯ ಮೇಲೆ ಕೂತ ಪೋಲಿಗಳು "ಲೆಫ್ಟ್, ರೈಟ್" ಎಂದು ಕೂಗುತ್ತಿದ್ದರು. ಒಂದು ದಿನ ಅವಳು ನಿಂತು, ತಿರುಗಿ, ಸೀದಾ ಅವರ ಕಡೆಗೇ ನಡೆದಳು. ಕಟ್ಟೆ ಖಾಲಿಯಾಯಿತು.

ಬೀದಿಗೆ ಇದನ್ನು ತಡೆದುಕೊಳ್ಳಲು ಆಗಲಿಲ್ಲ. ಅಳುತ್ತಾ ಮೂಲೆಯಲ್ಲಿ ಕೂತಿದ್ದರೆ ಅವರಿಗೆ ಬೇಕಾಗಿತ್ತು. ಕಸರತ್ತು ಮಾಡಿದ ಹೆಂಗಸಿಗೆ ಗರ್ಭ ನಿಲ್ಲುವುದಿಲ್ಲ, ಮೀಸೆ ಬರುತ್ತದೆ ಎಂದರು. ಅರಿಸಿನ ಕುಂಕುಮಕ್ಕೆ ಅವಳನ್ನು ಕರೆಯುವುದು ನಿಲ್ಲಿಸಿದರು. ನಾನೂ ಅಲ್ಲಿಗೆ ಹೋಗುತ್ತೇನೆಂದು ತಿಳಿದ ಅಜ್ಜಿ ನನ್ನನ್ನು ಎರಡು ದಿನ ಕೋಣೆಯಲ್ಲಿ ಕೂಡಿಹಾಕಿದಳು. ಕೋಣೆಯಲ್ಲೂ ಮಾಡಿದೆ, ಕೈಯಲ್ಲಿ ತಂಬಿಗೆ ಹಿಡಿದುಕೊಂಡು.

ಅಷ್ಟರಲ್ಲಿ ಶೃಂಗೇರಿಯವನು ಬಂದ. ಎರಡನೆಯ ಹೆಂಡತಿ ಜ್ವರ ಹಿಡಿದು ಹಾಸಿಗೆ ಹಿಡಿದಿದ್ದಳು. ಅವಳನ್ನು ನೋಡಿಕೊಂಡು ಮನೆ ನಡೆಸಲು ಒಂದು ಆಳು ಬೇಕಾಗಿತ್ತು. ಅದಕ್ಕೆ ಅವನಿಗೆ ಮೊದಲನೆಯವಳ ನೆನಪಾಗಿತ್ತು. ನಮ್ಮ ಬೀದಿಯ ವಕೀಲರು ಮಧ್ಯಸ್ಥಿಕೆಗೆ ನಿಂತರು. ಮೇಷ್ಟ್ರ ಮನೆಯ ಜಗಲಿಯ ಮೇಲೆ ಗಂಡಸರು ಕೂತರು. ಅಂಗಳದಲ್ಲಿ ಹೆಂಗಸರು, ನಮ್ಮಜ್ಜಿಯೂ ಸೇರಿ. ನಾನು ಅಜ್ಜಿಯ ಹಿಂದೆ ನಿಂತಿದ್ದೆ.

ಅಕ್ಕ ಕಾಫಿ ತಂದು ಇಟ್ಟಳು. ಅವನು ಅವಳನ್ನು ಕಾಲಿನಿಂದ ತಲೆಯವರೆಗೆ ನೋಡಿದ, ದನದ ಜಾತ್ರೆಯಲ್ಲಿ ನೋಡುವ ಹಾಗೆ.

"ಏನೂ ಇಳಿದಿಲ್ವಲ್ಲ" ಎಂದು ವಕೀಲರಿಗೆ ಹೇಳಿದ.

"ಗಟ್ಟಿ ಇದ್ದಾಳೆ ಮಾರಾಯ್ರೆ, ಮನೆಕೆಲಸಕ್ಕೆ ಅದೇ ಅಲ್ವಾ ಬೇಕಾದ್ದು" ಎಂದರು ವಕೀಲರು. ಕೆಲವರು ನಕ್ಕರು.

ಮೇಷ್ಟ್ರು ತಲೆ ತಗ್ಗಿಸಿ, "ಹೋಗಮ್ಮ, ಬಟ್ಟೆ ಕಟ್ಟಿಕೋ" ಎಂದರು. ಅವರ ಧ್ವನಿ ನಮಗೆ ಸರಿಯಾಗಿ ಕೇಳಲೂ ಇಲ್ಲ.

ಅಕ್ಕ ಅಣ್ಣನ ಕಡೆ ನೋಡಲಿಲ್ಲ. ಶೃಂಗೇರಿಯವನನ್ನೇ ನೋಡಿ, "ನಾನು ಬರೋದಿಲ್ಲ. ಕಾಫಿ ಆರ್ತಾ ಇದೆ, ಕುಡಿದು ಹೋಗಿ" ಎಂದಳು.

ಅವನು ಎದ್ದು ಬಂದು ಅವಳ ಮಣಿಕಟ್ಟು ಹಿಡಿದು ಎಳೆದ. ಅವಳು ಕಿರುಚಲಿಲ್ಲ, ಕೈ ಬಿಡಿಸಿಕೊಳ್ಳಲೂ ಹೋಗಲಿಲ್ಲ. ಕಾಲು ಅಗಲಿಸಿ ನಿಂತಲ್ಲೇ ನಿಂತಳು. ಅವನು ಎಳೆದ, ಅವಳು ಬರಲಿಲ್ಲ. ಇನ್ನೊಂದು ಕೈ ಸೇರಿಸಿ ಎಳೆದ. ಅವನ ಮುಖ ಕೆಂಪಾಯಿತು, ಅವಳ ಕಾಲು ಅಲುಗಲಿಲ್ಲ. ಕಡೆಗೆ ಅವನಾಗಿಯೇ ಕೈ ಬಿಟ್ಟ. ಊರಿನವರೆಲ್ಲ ನೋಡುತ್ತಿದ್ದರು. ಅಕ್ಕ ಸೆರಗು ಸರಿಮಾಡಿಕೊಂಡು ಒಳಗೆ ಹೋದಳು.

"ಗಂಡನ ಮರ್ಯಾದೆ ತೆಗೆದಳು" ಎಂದಳು ನಮ್ಮಜ್ಜಿ. ಬೀದಿಯ ತೀರ್ಪೂ ಅದೇ ಆಯಿತು. ಹೆಂಗಸಿನ ಕೈಗೆ ಡಂಬೆಲ್ ಕೊಟ್ಟ ಮೇಷ್ಟ್ರು ಮಕ್ಕಳಿಗೆ ಎಂತ ಕಲಿಸುತ್ತಾರೆ ಎಂದು ಮೇಲಿನವರಿಗೆ ಹೇಳಿದರು. ಮೇಷ್ಟ್ರು ತಾವಾಗಿಯೇ ವರ್ಗ ಕೇಳಿಕೊಂಡರು. ಸಿಕ್ಕಿದ್ದು ನರಸಿಂಹರಾಜಪುರ. ಮಲೇರಿಯಾಕ್ಕೆ ಹೆದರಿ ಯಾರೂ ಹೋಗದ ಜಾಗ ಅದು ಆಗ. ಪೆಟ್ರೋಲಿಲ್ಲದೆ ಇದ್ದಿಲಿನಲ್ಲಿ ಓಡುತ್ತಿದ್ದ ಬಸ್ಸು ಹತ್ತುವಾಗ ಅಕ್ಕ ನನ್ನನ್ನು ಕಂಡು ಹತ್ತಿರ ಬಂದಳು. ಏನಾದರೂ ಹೇಳುತ್ತಾಳೆಂದುಕೊಂಡೆ. ಬೆನ್ನಿಗೊಂದು ತಿವಿದು ಬಸ್ಸು ಹತ್ತಿದಳು.

ಅಲ್ಲಿ ಮನೆಯ ಹಿಂದೆ ನಾಲ್ಕಾರು ಹೆಣ್ಣುಮಕ್ಕಳನ್ನು ಸೇರಿಸಿಕೊಂಡು ಕಲಿಸುತ್ತಿದ್ದಾಳೆ ಎಂದು ಕೇಳಿದ್ದೆ. ಮರುವರ್ಷ ಅವಳಿಗೂ ಆ ಜ್ವರ ಬಂತು. ಯುದ್ಧದಿಂದಾಗಿ ಕ್ವಿನೈನು ಸಿಗುತ್ತಿರಲಿಲ್ಲ. ಸಿಕ್ಕಿದ್ದರೆ ಬದುಕುತ್ತಿದ್ದಳೇನೋ... ಸುದ್ದಿ ಬಂದ ದಿನ ನಮ್ಮಜ್ಜಿ ಬತ್ತಿ ಹೊಸೆಯುತ್ತಾ, "ಅಷ್ಟು ಕಸರತ್ತು ಮಾಡಿ ಎಂತ ಸಿಕ್ಕಿತು?" ಎಂದಳು. ಸೊಳ್ಳೆ ಕಚ್ಚಿ ಸತ್ತವಳನ್ನು ಬೀದಿಯವರು ತಮ್ಮ ಮಾತಿಗೆ ಸಾಕ್ಷಿ ಮಾಡಿಕೊಂಡರು. ಕರ್ಮ ಮಾಡಲು ಶೃಂಗೇರಿಯಿಂದ ಅವನೇ ಬಂದನಂತೆ, ಗಂಡನೆಂಬ ಅಧಿಕಾರದಿಂದ. ಜೀವ ಇರುವಾಗ ಎಳೆದರೆ ಬಾರದವಳನ್ನು ಆಗ ಹೊತ್ತ. ದೊಡ್ಡ ಮನಸ್ಸು ಎಂದು ಜನ ಹೊಗಳಿದರು.

ನನ್ನನ್ನು ನೋಡಲು ಬಂದ ಮೊದಲ ಗಂಡಿನವರು, ಹುಡುಗಿ ಎತ್ತರ, ನಡಿಗೆ ಗಂಡಸಿನ ಹಾಗೆ ಎಂದು ಬಿಟ್ಟುಹೋದರು. ನಾನು ಬೆನ್ನು ಬಗ್ಗಿಸಲಿಲ್ಲ. ಆಮೇಲೆ ಬಂದವರಲ್ಲಿ ಒಬ್ಬರು ನನಗಿಂತ ಗಿಡ್ಡ. ಅವರಿಗೆ ಅದು ತೊಂದರೆ ಎನಿಸಲಿಲ್ಲ. ಐವತ್ತು ವರ್ಷಕ್ಕೂ ಹೆಚ್ಚು ಸಂಸಾರ ಮಾಡಿದೆವು.

ಈಗ ಆ ಬೀದಿಯಲ್ಲಿ ಮೇಷ್ಟ್ರ ಮನೆ ಇದ್ದ ಜಾಗದಲ್ಲಿ ಮೊಬೈಲ್ ಅಂಗಡಿ ಇದೆ. ಅಕ್ಕನದು ಒಂದು ಫೋಟೋ ಕೂಡ ಎಲ್ಲೂ ಇಲ್ಲ, ಅವಳನ್ನು ನಿಲ್ಲಿಸಿ ಫೋಟೋ ತೆಗೆಸಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ. ಅವಳನ್ನು ಕಂಡವರಲ್ಲಿ ಉಳಿದವಳು ನಾನೊಬ್ಬಳೇ ಇರಬೇಕು. ಇಷ್ಟು ವಯಸ್ಸಾದ ಮೇಲೆ ಎಲ್ಲರನ್ನೂ ಕ್ಷಮಿಸಿಬಿಡಬೇಕು ಎಂದು ಸೊಸೆ ಹೇಳುತ್ತಾಳೆ. ನನ್ನಿಂದ ಆಗುವುದಿಲ್ಲ. ಈಚೆಗೆ ಕಣ್ಣು ಮುಚ್ಚಿ ಎಷ್ಟು ಹೊತ್ತು ಕೂತರೂ ಅಕ್ಕನ ಮುಖ ಸರಿಯಾಗಿ ಬರುವುದಿಲ್ಲ... ತೋಳು ಬರುತ್ತದೆ, ಬೆನ್ನು ಬರುತ್ತದೆ, ಮುಖ ಬರುವ ಹೊತ್ತಿಗೆ ಅಳಿಸಿಹೋಗುತ್ತದೆ. ಆ ದಿನ ಜಗಲಿಯ ಮೇಲೆ ಕೂತು ನಕ್ಕವರ ಮುಖ ಮಾತ್ರ ಒಂದೊಂದೂ ನೆನಪಿದೆ.