ದೆವ್ವದ ಬಾರಿನ ಗಿರಿಜಕ್ಕ

ಗಿರಿಜಕ್ಕ ತೀರಿಕೊಂಡ ಗಂಡನನ್ನು ದಿನಾ ಬೈಯುತ್ತಿದ್ದರು, ಅದೂ ಕುಡಿಯಲು ಬಂದ ಗಿರಾಕಿಗಳ ಎದುರೇ. ಫೋರ್ಟ್ ಪೇಟೆಯ ಗಲ್ಲಿಯೊಂದರಲ್ಲಿದ್ದ ಅವರ ಹಳೆಯ ಬಾರಿನಲ್ಲಿ ಫ್ಯಾನು ನಿಂತರೆ ಸಾಕು, ಗಲ್ಲಾದಲ್ಲಿ ಕೂತಲ್ಲಿಂದಲೇ ಕತ್ತೆತ್ತಿ, "ಇದ್ದಾಗ ಒಂದು ರಿಪೇರಿ ಮಾಡಿಸ್ಲಿಕ್ಕೆ ಆಗ್ಲಿಲ್ಲ, ಈಗ ತಿರುಗುವುದನ್ನೂ ನಿಲ್ಲಿಸ್ತೀರಾ?" ಎನ್ನುತ್ತಿದ್ದರು. ಆಮೇಲೆ ಎಲೆಕ್ಟ್ರಿಶಿಯನ್‌ಗೆ ಫೋನು ಮಾಡುತ್ತಿದ್ದರು.

ಅವರ ಗಂಡ ಭೋಜಣ್ಣ ಅದೇ ಗಲ್ಲಾದಲ್ಲಿ ಕೂತಿದ್ದಾಗ ಎದೆನೋವು ಬಂದು ಹೋದವರು. ಅಂದಿನಿಂದ ಒಳಗಿನ ಕೋಣೆಯಲ್ಲಿ, ಅರ್ಧ ತೋಳಿನ ಬಿಳಿ ಅಂಗಿ ತೊಟ್ಟು ಓಡಾಡುತ್ತಾರೆಂದು ಗುಲ್ಲೆದ್ದಿತ್ತು. ಗಿರಾಕಿಗಳು ಕಡಿಮೆಯಾಗುವ ಬದಲು ಹೆಚ್ಚಾದರು. ಬರೀ ಸೋಡಾ ಕುಡಿದವರಿಗೆ ತಮ್ಮ ಗಂಡ ಕಾಣಿಸಿದ್ದನ್ನು ತಾನಂತೂ ಕೇಳಿಲ್ಲ ಎಂದು ಗಿರಿಜಕ್ಕ ಹೇಳುತ್ತಿದ್ದರು.

ನಾನೂ ಮೊದಲು ಹೋದದ್ದು ದೆವ್ವ ನೋಡಲೆಂದೇ. ಆಫೀಸಿನ ನಾಲ್ಕಾರು ಮಂದಿ ಒಟ್ಟಾಗಿ ಹೋಗಿದ್ದೆವು, ಹೆಂಗಸೆಂದರೆ ನಾನೊಬ್ಬಳೇ. ಬಾಯಿ ಜೋರಿದ್ದ ನಮ್ಮ ದೇಶಪಾಂಡೆ ಎರಡನೆಯ ಪೆಗ್ ಮುಗಿಸಿ ಒಳಗೆ ಕೈತೊಳೆಯಲು ಹೋದವನು ಸುಣ್ಣ ಬಳಿದಂಥ ಮುಖ ಹೊತ್ತು ವಾಪಸು ಬಂದ. ಕನ್ನಡಿಯಲ್ಲಿ ತನ್ನ ಹಿಂದೆ ಯಾರೋ ಮುದುಕ ನಿಂತಿದ್ದನಂತೆ. ಗಿರಿಜಕ್ಕ ಅವನನ್ನು ಹತ್ತಿರ ಕರೆದು, ಆ ಮುದುಕ ಏನಾದರೂ ಮಾತಾಡಿದನೇ ಎಂದು ಹಿಂದಿಯಲ್ಲಿ ವಿಚಾರಿಸಿದರು. ಇಲ್ಲವೆಂದ. "ಹಾಗಾದ್ರೆ ಇವರಲ್ಲ," ಎಂದು ತಮ್ಮಷ್ಟಕ್ಕೇ ಕನ್ನಡದಲ್ಲಿ ಗೊಣಗಿದರು, "ಇವರು ಬಿಲ್ ಕೇಳದೆ ಬಿಡುವ ಜನವೇ ಅಲ್ಲ."

ನನಗೆ ನಗು ತಡೆಯಲಾಗಲಿಲ್ಲ. ಅವರು ತಿರುಗಿ ನೋಡಿ, ಊರು ಯಾವುದೆಂದು ಕೇಳಿದರು. ಹಿರಿಯರು ಧಾರವಾಡದವರು, ನಾನು ಹುಟ್ಟಿ ಬೆಳೆದದ್ದೆಲ್ಲ ಚೆಂಬೂರು ಎಂದೆ. ಅವರು ಕರಾವಳಿಯವರು, ಮನೆ ಮಾತ್ರ ಚೆಂಬೂರಿನಲ್ಲೇ. "ಧಾರವಾಡವಾದ್ರೂ ಅಡ್ಡಿಯಿಲ್ಲ, ಬಾ ಕೂತ್ಕೋ," ಎಂದರು. ಅಲ್ಲಿಂದ ಆಫೀಸು ಬಿಟ್ಟ ಮೇಲೆ ಗಲ್ಲಾದ ಪಕ್ಕ ಕೂತು ಒಂದು ಚಹಾ ಕುಡಿದು ಲೋಕಲ್ ರೈಲು ಹಿಡಿಯುವುದು ನನಗೆ ರೂಢಿಯಾಯಿತು. ಬಾರಿನಲ್ಲಿ ಚಹಾ ಕುಡಿದು ಮನೆಗೆ ಬರುತ್ತೇನೆಂದರೆ ನಮ್ಮಮ್ಮ ಕೊನೆಯವರೆಗೂ ನಂಬಲಿಲ್ಲ.

ಗಂಡ ಇರುವಷ್ಟು ದಿನ ಗಿರಿಜಕ್ಕ ಆ ಬಾರಿನ ಮೆಟ್ಟಿಲು ಹತ್ತಿದವರಲ್ಲ. ಊರಿನಲ್ಲಿ ಯಾರಾದರೂ ಕೇಳಿದರೆ ನಮ್ಮದು ಹೋಟೆಲು ಎನ್ನುತ್ತಿದ್ದರಂತೆ. ಕ್ರಿಯೆಗಳೆಲ್ಲ ಮುಗಿದ ಮರುದಿನ ಸೀರೆಯ ಸೆರಗು ಸಿಕ್ಕಿಸಿ ಬಂದು ಗಲ್ಲಾದಲ್ಲಿ ಕೂತರು. ರಮ್ಮು ಯಾವುದು, ವಿಸ್ಕಿ ಯಾವುದು ಎನ್ನುವುದನ್ನು ಮೂಗು ಮುಚ್ಚಿಕೊಂಡೇ ಕಲಿತರು.

ಇದನ್ನು ಅವರ ಮೈದುನ ಜಗನ್ನಾಥನಿಗೆ ಸಹಿಸಲಾಗಲಿಲ್ಲ. ಬಾರು ತನಗೇ ಬರುತ್ತದೆಂದು ಅವನು ಎಣಿಸಿದ್ದ. ಒಂದು ಸಂಜೆ ನಾನಿದ್ದಾಗಲೇ, ಮನೆತನದ ಇಬ್ಬರು ಹಿರಿಯರನ್ನೂ, ಹಣೆ ತುಂಬ ಕುಂಕುಮ ಬಳಿದುಕೊಂಡ ಒಬ್ಬ ಆಸಾಮಿಯನ್ನೂ ಕರೆತಂದ. ಅಣ್ಣ ಕನಸಿನಲ್ಲಿ ಬಂದು ಅಳುತ್ತಾನೆ, ಹೆಂಗಸು ಬಾರಿನಲ್ಲಿ ಕೂತಿರುವುದರಿಂದ ಅವನಿಗೆ ಮುಕ್ತಿಯಿಲ್ಲ ಎಂದ. ಕುಂಕುಮದವನು ಕಣ್ಣು ಮುಚ್ಚಿದ, ತೂಗಾಡಿದ, ಆಮೇಲೆ ದನಿ ದಪ್ಪ ಮಾಡಿಕೊಂಡು, "ಗಿರಿಜಾ, ತಮ್ಮನಿಗೆ ಕೊಟ್ಟುಬಿಡು ಗಿರಿಜಾ," ಎಂದ.

ಹಿರಿಯರು ಕೈಮುಗಿದರು. ಗಿರಿಜಕ್ಕ ಎದ್ದು ನಿಂತರು.

"ಮದುವೆಯಾದಾಗಿಂದ ಇವರು ಒಂದು ದಿನವೂ ನನ್ನ ಹೆಸರು ಹಿಡಿದು ಕರೆದವರಲ್ಲ. ಹೋಯ್ ಅಂತಲೇ ಕರೆಯುವುದು. ಸತ್ತ ಮೇಲೆ ಎಲ್ಲಿ ಕಲಿತದ್ದು ಈ ಪ್ರೀತಿ?"

ಹಿರಿಯರಲ್ಲೊಬ್ಬರು ಮುಗಿದ ಕೈಯಲ್ಲೇ ಬಾಯಿ ಮುಚ್ಚಿಕೊಂಡು ನಕ್ಕರು. ಆಮೇಲೆ ಇಡೀ ಬಾರೇ ನಕ್ಕಿತು. ತೂಗಾಡುತ್ತಿದ್ದ ಆಸಾಮಿ ಒಂದು ಕಣ್ಣು ತೆರೆದು ಜಗನ್ನಾಥನ ಮುಖ ನೋಡಿದ. ಅವರು ಹೋದ ಮೇಲೆ ಗಿರಿಜಕ್ಕ ಅಡುಗೆಮನೆಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ. ಜಗನ್ನಾಥ ಮತ್ತೆ ಆ ಕಡೆ ಸುಳಿಯಲಿಲ್ಲ.

ಕೊನೆಗೆ ಬಾರು ಮುಚ್ಚಿಸಿದ್ದು ಮೈದುನನಲ್ಲ, ಕಟ್ಟಡ. ಚಾವಣಿಯ ಗಾರೆ ಕಳಚಿ ಬೀಳತೊಡಗಿ, ಬಾಡಿಗೆದಾರರೆಲ್ಲ ಖಾಲಿ ಮಾಡಬೇಕಾಯಿತು. ಕೊನೆಯ ದಿನ ಹೋದಾಗ ಕುರ್ಚಿಗಳನ್ನೆಲ್ಲ ಟೆಂಪೋಗೆ ಹಾಕುತ್ತಿದ್ದರು. ನಾವು ಮಾತಾಡಿದ್ದು ಅದೇ ಕೊನೆ. ಮುಂದಿನ ಮಳೆಗಾಲ ಕಳೆಯುವುದರೊಳಗೆ ಅವರೂ ಹೋಗಿಬಿಟ್ಟರು.

ಅಂದು ಖಾಲಿ ಬಾರಿನಲ್ಲಿ ನಿಂತು, ನಾನು ಕೇಳದೆಯೇ ಹೇಳಿದರು. "ಊರಿಗೆಲ್ಲ ಕಾಣಿಸಿದ್ರು. ಆ ನಿನ್ನ ದೇಶಪಾಂಡೆಗೂ ಕಾಣಿಸಿದ್ರು. ನನಗೆ ಒಂದು ದಿನವೂ ಕಾಣಿಸ್ಲಿಲ್ಲ ಮಾರಾಯ್ತಿ. ಎಲ್ಲರೂ ಹೋದ ಮೇಲೆ ಒಬ್ಬಳೇ ಕೂತು ಸಹ ನೋಡಿದ್ದೇನೆ."

"ಅವರಿಗೆ ನಿಮ್ಮ ಹೆದರಿಕಿ ಇರಬೇಕ್ರೀ," ಎಂದೆ.

ಅವರು ನಕ್ಕರು. ಟ್ಯಾಕ್ಸಿ ಬಂತು. ಹತ್ತಿ ಕೂತು, ಬಾಗಿಲು ಎಳೆದುಕೊಳ್ಳುತ್ತ ಹೇಳಿದರು.

"ಬದುಕಿದ್ದಾಗಲೂ ಹಾಗೆಯೇ. ಗಿರಾಕಿಗಳಿಗೆಲ್ಲ ಮುಖ ತೋರಿಸಿ ಆದ ಮೇಲೆಯೇ ಮನೆಗೆ ಬರುತ್ತಿದ್ದದ್ದು. ನಾಳೆಯಿಂದ ನಾನು ಮನೆಯಲ್ಲೇ ಇರ್ತೇನಲ್ಲ."