ಸಮುದ್ರಕ್ಕೆ ಒಯ್ದ ಹಸಿರು ಖಣ

ನಾನು ಹೇಳುವುದನ್ನು ನೀವು ನಂಬುವುದಿಲ್ಲ. ನಂಬದಿದ್ದರೂ ನನಗೆ ಬೇಜಾರಿಲ್ಲ. ಅಕ್ಕಲಕೋಟದಲ್ಲಿ ಅಜ್ಜಿಯ ಮನೆಯ ಕಟ್ಟೆಯ ಮೇಲೆ ಕೂತು ಇದನ್ನು ಕೇಳಿದವರೆಲ್ಲ ನಂಬಿದರು, ಅದರಿಂದಲೇ ತೊಂದರೆಯಾಯಿತು. ಮೊದಲ ದಿನ ಹೇಳಿದಾಗ ನಮ್ಮ ಬೋಟು ಸಾಲಿಯ ಕಟ್ಟಡದಷ್ಟಿತ್ತು. ಮೂರನೆಯ ದಿನ ಸೊಲ್ಲಾಪುರದ ರೇಲ್ವೆ ಸ್ಟೇಶನ್ನಿನಷ್ಟಾಯಿತು. ವಾರ ಕಳೆಯುವಷ್ಟರಲ್ಲಿ ಅದರ ಮೇಲೆ ಮಂಗಳವಾರದ ಬಜಾರೇ ನೆರೆಯುತ್ತಿತ್ತು. ನನ್ನ ಬಾಯಿ ಹಾಗೆ. ಎಳೆಯದೆ ಅದಕ್ಕೆ ಸಮಾಧಾನವಿಲ್ಲ. ಇಲ್ಲಿ ಮಾತ್ರ ಎಳೆದ ಕಡೆಯಲ್ಲಿ ಎಳೆದೆ ಎಂದು ಹೇಳಿಬಿಡುತ್ತೇನೆ.

ಎಲ್ಲ ಶುರುವಾದದ್ದು ಅವ್ವನ ಜ್ವರದಿಂದ. ಬರಗಾಲದ ವರ್ಷ, ರೇಷನ್ನಿನ ಕೆಂಪು ಜೋಳ ತಿನ್ನುತ್ತಿದ್ದ ದಿನಗಳು. ಸೊಲ್ಲಾಪುರದ ನಮ್ಮ ಮನೆಯಲ್ಲಿ ಕೆಳಗೆ ಅಪ್ಪನ ಚಾದರದ ಅಂಗಡಿ, ಮೇಲೆ ಅವ್ವನ ಹಾಸಿಗೆ. ಜ್ವರ ಇಳಿಯಲೇ ಇಲ್ಲ. ಅಕ್ಕಲಕೋಟದಿಂದ ಅಜ್ಜಿ, ಅಂದರೆ ಅವ್ವನ ತಾಯಿ, ಬಂದು ತಲೆದೆಸೆಯಲ್ಲಿ ಕೂತಳು. ಮನೆಯಲ್ಲಿ ಇಂಥದ್ದು ಬಂದರೆ ಭೀಮಾ ನದಿಗೆ ಉಡಿ ತುಂಬುತ್ತೇನೆಂದು ಬೇಡಿಕೊಳ್ಳುವುದು ನಮ್ಮ ಕಡೆಯ ಹೆಂಗಸರ ಪದ್ಧತಿ. ಹೊಳೆಯೂ ಒಬ್ಬ ಮುತ್ತೈದೆಯೇ ಎಂದು ತಿಳಿದು, ಅವಳ ಉಡಿಗೆ ಅಕ್ಕಿ, ತೆಂಗಿನಕಾಯಿ, ಅರಿಷಿಣದ ಕೊಂಬು, ಹಸಿರು ಬಳೆ, ಕುಬಸಕ್ಕೊಂದು ಖಣ ಹಾಕಿ ಬರುತ್ತಾರೆ. ಆದರೆ ಆ ವರ್ಷ ಭೀಮೆಯಲ್ಲಿ ಉಸುಕು ಬಿಟ್ಟರೆ ಏನೂ ಇರಲಿಲ್ಲ. ತಾನೇ ನೀರಿಲ್ಲದೆ ಬಿದ್ದವಳ ಹತ್ತಿರ ಮಗಳ ಜೀವ ಬೇಡುವುದು ಹೇಗೆ ಎಂದು ಅಜ್ಜಿ ವಿಚಾರ ಮಾಡಿದಳು. ಎಂದೂ ಬತ್ತದ ನೀರು ಯಾವುದೆಂದು ಅಪ್ಪನನ್ನು ಕೇಳಿದಳು. ಅಪ್ಪ ಗಿರಾಕಿಗಳ ಗದ್ದಲದಲ್ಲಿ ಸಮುದ್ರ ಎಂದುಬಿಟ್ಟ. ಅಜ್ಜಿ ಅಲ್ಲಿಯೇ ಕೈಮುಗಿದು ಸಮುದ್ರಕ್ಕೆ ಹರಕೆ ಹೊತ್ತಳು. ಅವಳು ಅಲ್ಲಿಯ ತನಕ ಕಂಡಿದ್ದ ಸಮುದ್ರ ಅಂಗಡಿಯ ಕ್ಯಾಲೆಂಡರಿನಲ್ಲಿ ಇದ್ದದ್ದು.

ಅವ್ವ ಎದ್ದಳು. ಹರಕೆ ಮುಟ್ಟುವ ತನಕ ಮಗಳು ಹೊಸ ಬಟ್ಟೆ ಮೈಗೆ ಹಾಕಬಾರದೆಂದು ಅಜ್ಜಿ ಕಟ್ಟು ಮಾಡಿದಳು. ಮಾತು ಕೊಟ್ಟು ತೀರಿಸದಿದ್ದರೆ ಜ್ವರ ಹೊಳ್ಳಿ ಬರುತ್ತದೆಂಬ ಹೆದರಿಕೆ ಅವಳಿಗೆ. ಅವ್ವ ಒಮ್ಮೆ ಕೆಮ್ಮಿದರೆ ಸಾಕು, ರೊಟ್ಟಿ ಬಡಿಯುತ್ತಿದ್ದ ಅಜ್ಜಿಯ ಕೈ ನಿಲ್ಲುತ್ತಿತ್ತು. ಹೀಗೆ ಅರಿವೆ ವ್ಯಾಪಾರಿಯ ಹೆಂಡತಿ ಒಂದು ವರ್ಷ ತೋಳು ಸವೆದ ಕುಬಸದಲ್ಲಿ ತಿರುಗಿದಳು.

ಮುಂದಿನ ಬೇಸಿಗೆಯಲ್ಲಿ ಅಜ್ಜಿ ನನ್ನನ್ನು ಕರೆದುಕೊಂಡು ಮುಂಬಯಿಗೆ ಹೊರಟಳು. ಅವ್ವನ ಹೊಟ್ಟೆಯಲ್ಲಿ ಹುಟ್ಟಿದವನೊಬ್ಬ ಜೊತೆಗಿರಬೇಕು ಎಂಬುದು ಲೆಕ್ಕ. ಮುಂಬಯಿಯಲ್ಲಿ ಗಿರಣಿಯ ಕೆಲಸದಲ್ಲಿದ್ದ ಮಾಮಾ ನಮ್ಮನ್ನು ಸ್ಟೇಶನ್ನಿನಿಂದ ನೆಟ್ಟಗೆ ಬೋಟು ನಿಲ್ಲುವ ಧಕ್ಕೆಗೆ ಒಯ್ದ. ಉಡಿ ತುಂಬಿಸಿ ಸಂಜೆಯ ಗಾಡಿಗೆ ಹತ್ತಿಸುವ ವಿಚಾರ ಅವನದು. ಅಜ್ಜಿ ಕೆಳಗೆ ಬಗ್ಗಿ ನೋಡಿದಳು. ನೀರಿನ ಮೇಲೆ ಎಣ್ಣೆ ತೇಲುತ್ತಿತ್ತು, ಬಾಳೆಹಣ್ಣಿನ ಸಿಪ್ಪೆ ತೇಲುತ್ತಿತ್ತು, ಒಂದು ಚಪ್ಪಲಿಯೂ ತೇಲುತ್ತಿತ್ತು.

"ಈ ಹೊಲಸಿನ್ಯಾಗ ನನ್ನ ಮಗಳ ಉಡಿ ಒಗೀಲೇನು?" ಎಂದು ಅಜ್ಜಿ ಕೇಳಿದಳು. ಮಾಮಾನ ಗಿರಣಿಯ ಗೆಳೆಯನೊಬ್ಬನ ಮನೆ ಕೊಂಕಣದ ದಾಭೋಳದಲ್ಲಿತ್ತು. ಮರುದಿನ ಮುಂಜಾನೆ ನಾವು ಮೂವರೂ ಆ ಕಡೆಗೆ ಹೋಗುವ ಬೋಟಿನಲ್ಲಿದ್ದೆವು. ಮಳೆಗಾಲಕ್ಕೆ ಬೋಟು ಬಂದ್ ಆಗಲು ಕೆಲವೇ ದಿನ ಉಳಿದಿದ್ದವು.

ಬೋಟಿನಲ್ಲಿ ಕುರ್ಚಿ ಇಲ್ಲ, ಬಾಕು ಇಲ್ಲ. ಯಾರು ಎಲ್ಲಿ ಹಾಸಿಗೆ ಹಾಸಿದರೋ ಅದು ಅವರ ಜಾಗ. ಉಳಿದವರು ಗೋಣಿಚೀಲ, ಹಳೆ ಸೀರೆ ಹಾಸಿದ್ದರು. ನಾವು ಸೊಲ್ಲಾಪುರದವರು; ಅಜ್ಜಿ ನವಿಲಿನ ಚಿತ್ರದ ನಾಲ್ಕು ಹೊಸ ಚಾದರ ಬಿಚ್ಚಿದಳು. ಸುತ್ತಲಿನವರು ಬಂದು ಅಂಚು ಹಿಡಿದು ನೋಡತೊಡಗಿದರು. ಅಜ್ಜಿ ಅವರಿಗೆಲ್ಲ ಅಪ್ಪನ ಅಂಗಡಿಯ ದಾರಿ ಹೇಳಿದಳು, ಅದೂ ಕನ್ನಡದಲ್ಲಿ. ಯಾರಿಗೂ ತಿಳಿಯಲಿಲ್ಲ, ಎಲ್ಲರೂ ತಲೆಯಾಡಿಸಿದರು. ಮಾಮಾ ಮಾತ್ರ ತನಗೂ ನಮಗೂ ಸಂಬಂಧವಿಲ್ಲದವನಂತೆ ಕಂಬಿಗೆ ಆತು ನಿಂತಿದ್ದ.

ಬೋಟು ಧಾವಂತವಿಲ್ಲದೆ ಹೋಗುತ್ತಿತ್ತು. ಎಡಕ್ಕೆ ಗುಡ್ಡಗಳು ಸರಿಯುತ್ತಿದ್ದವು, ಬಲಕ್ಕೆ ಏನೂ ಇರಲಿಲ್ಲ. ಅಷ್ಟೊಂದು ಏನೂ ಇಲ್ಲದ್ದನ್ನು ನಾನು ಮೊದಲ ಸಲ ನೋಡಿದ್ದು. ಕಪ್ತಾನ ನನ್ನನ್ನು ಮೇಲೆ ಕರೆದು ಚಕ್ರ ಹಿಡಿಯಲು ಕೊಟ್ಟ ಎಂದು ಅಕ್ಕಲಕೋಟದಲ್ಲಿ ಹೇಳಿದ್ದೇನೆ. ನಿಜ ಹೇಳಬೇಕೆಂದರೆ ನಾನು ದೂರದಿಂದ ಒಂದು ಬಿಳಿ ಟೊಪ್ಪಿಗೆ ಕಂಡೆ, ಅದು ಅಡಿಗೆಯವನದೂ ಇರಬಹುದು. ತಿಮಿಂಗಿಲ ಕಂಡೆ ಎಂದೂ ಹೇಳಿದ್ದೇನೆ. ಆಗ ನಾನು ಕಂಬಿಯ ಮೇಲೆ ಬಗ್ಗಿ, ಅಜ್ಜಿ ಕಟ್ಟಿ ತಂದಿದ್ದ ಕಡಕ್ ರೊಟ್ಟಿ, ಶೇಂಗಾ ಚಟ್ನಿಯನ್ನೆಲ್ಲ ಮೀನುಗಳಿಗೆ ಒಪ್ಪಿಸುತ್ತಿದ್ದೆ. ತಿಮಿಂಗಿಲ ಬಂದಿದ್ದರೂ ನೋಡುವ ಹಾಗಿರಲಿಲ್ಲ.

ಬಾಯಿ ಮುಕ್ಕಳಿಸಿ ಬಂದಾಗ ಅಜ್ಜಿ ಬಲಗಡೆ ನೋಡುತ್ತ ಕೂತಿದ್ದಳು. ಹೋಟಗಿ ದಾಟಿದ ಮೇಲೆ ರೇಲಿನ ಕಿಟಕಿಯಿಂದ ನಮ್ಮ ಕಡೆಯ ನೆಲ ಹೀಗೆಯೇ ಕಾಣುತ್ತದೆ, ಒಂದು ಗಿಡವೂ ಅಡ್ಡವಿಲ್ಲದೆ, ಮುಗಿಲು ಬಂದು ಕೂಡುವ ತನಕ. ಅವಳಿಗೂ ಅದೇ ಹೊಳೆದಿರಬೇಕು.

"ನಮ್ಮ ಎರಿ ಹೊಲದಂಗ ಐತಿ ನೋಡು," ಎಂದಳು. "ಬಿತ್ತಿಲ್ಲ, ಅಷ್ಟ."

ಇದನ್ನು ನಾನು ಕಟ್ಟೆಯ ಮೇಲೆ ಹೇಳಲಿಲ್ಲ. ಇದರಲ್ಲಿ ಎಳೆಯಲು ಏನೂ ಸಿಗಲಿಲ್ಲ.

ಪಕ್ಕದ ಗೋಣಿಚೀಲದ ಮೇಲೆ ಮೀನು ಮಾರುವ ಒಬ್ಬ ಹೆಂಗಸು ಕೂತಿದ್ದಳು, ದಾಭೋಳದ ಕಡೆಯವಳೇ. ಗಂಟಿನಲ್ಲಿ ಏನೆಂದು ಮರಾಠಿಯಲ್ಲಿ ಕೇಳಿದಳು. ಅಜ್ಜಿ ಬಿಚ್ಚಿ ತೋರಿಸಿದಳು. ಮೇಲೆಯೇ ಖಣ, ಕೆಂಪು ಅಂಚಿನ ಗಾಢ ಹಸಿರು, ಮೂಲೆಗೆ ಅರಿಷಿಣ ಹಚ್ಚಿದ್ದು. ಸಮುದ್ರದ ತಾಯಿಗೆ ಎಂದು ಅಜ್ಜಿ ಹೇಳಿದಾಗ ಆ ಹೆಂಗಸಿಗೆ ನಗು ತಡೆಯಲಾಗಲಿಲ್ಲ. ಸಮುದ್ರ ಅಂದರೆ ದರ್ಯಾ, ಅವನು ಗಂಡಸು, ಅವನೇ ನಮ್ಮ ದೇವರು, ಶ್ರಾವಣದ ಹುಣ್ಣಿಮೆಗೆ ನಾವು ಅವನಿಗೆ ತೆಂಗಿನಕಾಯಿ ಕೊಡುತ್ತೇವೆ, ಬಳೆ ಕುಬಸ ಯಾರೂ ಕೊಡುವುದಿಲ್ಲ ಎಂದಳು. ಹತ್ತಿರ ಕೂತಿದ್ದ ನಾಲ್ಕು ಮಂದಿಯೂ ನಕ್ಕರು. ನಾನೂ ನಗುವವನಿದ್ದೆ. ಅಜ್ಜಿಯ ಮುಖ ನೋಡಿ ನಿಲ್ಲಿಸಿದೆ.

ಅವಳಿಗೆ ತಿಳಿದದ್ದು ಒಂದೇ ಬಗೆಯ ನೀರು. ಭೀಮೆ ಹೆಣ್ಣು, ಬೋರಿ ಹೊಳೆ ಹೆಣ್ಣು, ಮನೆಯ ಬಾವಿಯೂ ಗಂಗೆ. ಗಂಡು ನೀರು ಇರುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಒಂದು ವರ್ಷ ಅವಳು ಕೈಮುಗಿದದ್ದು ಇಲ್ಲದವಳಿಗೆ. ಹಾಗಾದರೆ ಮಗಳನ್ನು ಉಳಿಸಿದವರು ಯಾರು, ಇನ್ನು ಮುಂದೆ ಕಾಯುವವರು ಯಾರು? ಗಂಟು ಕಟ್ಟುವಾಗ ಅವಳ ಬೆರಳಿಗೆ ಗಂಟು ಸಿಗಲಿಲ್ಲ. ಅದನ್ನು ಹಾಗೆಯೇ ಬಿಟ್ಟು ಆ ಹೆಂಗಸಿನ ಕಡೆ ತಿರುಗಿದಳು.

"ಗಂಡಸ ಅಂದ್ರ ಮನ್ಯಾಗ ಹೇಣ್ತಿ ಇರಬೇಕಲ್ಲ?"

ಮಾಮಾ ಅದನ್ನು ಮರಾಠಿಗೆ ತಿರುಗಿಸಿದ. ಈಗ ಆ ಹೆಂಗಸು ನಗಲಿಲ್ಲ. ಇದ್ದಾಳೆ ಎಂದಳು. ದಾಭೋಳದಲ್ಲಿ ನದಿ ಬಂದು ಅವನನ್ನು ಕೂಡುತ್ತದೆ, ಬೇಕಾದರೆ ಅಲ್ಲಿ ಕೊಡು. ಅಜ್ಜಿ ಅವಳಿಗೆ ಎರಡು ರೊಟ್ಟಿ, ಒಂದು ಉಂಡೆ ಬೆಲ್ಲ ಕೊಟ್ಟಳು.

ಬಿಸಿಲು ಇಳಿಯುವಾಗ ದಾಭೋಳ ಬಂತು. ಒಂದು ಕಾಲಕ್ಕೆ ವಿಜಾಪುರದ ಬಾದಶಹರಿಗೆ ಅರಬಸ್ತಾನದ ಕುದುರೆಗಳು ಇಳಿಯುತ್ತಿದ್ದ ಬಂದರಂತೆ ಅದು. ಈಗ ನಮ್ಮ ಬೋಟಿಗೂ ದಂಡೆಯ ತನಕ ಹೋಗಲು ಆಗಲಿಲ್ಲ, ನದಿಯ ಬಾಯಿಯ ಹೊರಗೇ ನಿಂತಿತು. ಅಲ್ಲಿಂದ ನಮ್ಮನ್ನು ಹಗ್ಗದ ಆಸರೆಯಿಂದ ಸಣ್ಣ ಪಡಾವಿಗೆ ಇಳಿಸಿದರು. ಪಡಾವು ತೊಟ್ಟಿಲಿನಂತೆ ಆಡುತ್ತಿತ್ತು. ಮಾಮಾ ಆ ತುದಿಯಲ್ಲಿ ಟ್ರಂಕು ಹಿಡಿದು ಕೂತಿದ್ದ. ಅಜ್ಜಿ ಎರಡೂ ಕೈಯಿಂದ ಹಲಗೆ ಅವುಚಿ ಕಣ್ಣು ಮುಚ್ಚಿದಳು. ಕೈ ಬಿಟ್ಟರೆ ತಾನೇ ಉಡಿಯೊಳಗೆ ಬೀಳುತ್ತೇನೆಂದು ಗಂಟನ್ನು ನನ್ನ ತೊಡೆಯ ಮೇಲೆ ಇಟ್ಟಳು. ಒಂದೊಂದೇ ಬಿಡು, ಖಣ ಕಡೀಕ, ನಮ್ಮವ್ವನ್ನ ಕಾಯಿ ಅನ್ನು ಎಂದಳು.

ಎರಡು ನೀರು ಕೂಡುವ ಜಾಗವನ್ನು ಅಂಬಿಗ ಗದ್ದದಿಂದ ತೋರಿಸಿದ. ನಾನು ಅಕ್ಕಿ ಬಿಟ್ಟೆ. ಬಳೆ ಬಿಟ್ಟೆ, ಅವು ಒಂದು ಗಳಿಗೆ ಹಸಿರಾಗಿ ಮಿನುಗಿ ಮುಳುಗಿದವು. ಅರಿಷಿಣದ ಕೊಂಬು, ತೆಂಗಿನಕಾಯಿ. ಖಣ ಕೈಗೆ ಬಂದಾಗ ಅವ್ವನ ತೋಳು ಕಣ್ಣ ಮುಂದೆ ಬಂತು, ಮೊಣಕೈ ಹತ್ತಿರ ಅವಳು ತಾನೇ ಹಾಕಿಕೊಂಡ ಹೊಲಿಗೆ. ಇಷ್ಟು ಚೆಂದದ ಅರಿವೆ ಉಪ್ಪುನೀರಿನಲ್ಲಿ ಕೊಳೆಯುತ್ತದಲ್ಲ ಎನಿಸಿತು. ಅವ್ವನಿಗೆ ಗುಟ್ಟಾಗಿ ಕೊಟ್ಟರೆ ಖುಷಿಯಾಗಿ ಒಂದು ಸಿನಿಮಾಕ್ಕೆ ಬಿಟ್ಟಾಳೆಂದೂ ಎನಿಸಿತು. ಯಾವುದು ಮೊದಲು ಎನಿಸಿತೋ ನನಗೆ ಈಗಲೂ ಹೇಳಲು ಬರುವುದಿಲ್ಲ. ಖಣವನ್ನು ಅಂಗಿಯೊಳಗೆ ಇಳಿಸಿದೆ.

"ಕೊಟ್ಟಿಯೇನೋ ತಮ್ಮಾ?" ಕಣ್ಣು ತೆರೆಯದೆ ಅಜ್ಜಿ ಕೇಳಿದಳು.

"ಕೊಟ್ಟೆ."

ಅವಳು ಬಿಟ್ಟ ಉಸಿರು ನನಗೆ ಕೇಳಿಸಿತು. ಕಣ್ಣು ತೆರೆದಾಗ ದಂಡೆಯ ಮೇಲೆ ಹಳೆಯ ಮಸೀದಿಯ ಗುಮ್ಮಟ ಕಂಡು, ವಿಜಾಪುರದ್ದೇ ಇಲ್ಲಿ ಬಂದು ಕೂತೈತಿ ಎಂದು ಸಣ್ಣ ಹುಡುಗಿಯ ಹಾಗೆ ನಕ್ಕಳು. ದಾಭೋಳದಲ್ಲಿ ಎರಡು ದಿನ ಇದ್ದೆವು. ಅಜ್ಜಿ ತೆಂಗಿನ ತೋಟದಲ್ಲಿ ಅಡ್ಡಾಡಿದಳು, ಹೊಟ್ಟೆ ತುಂಬ ಉಂಡಳು, ಹಗಲಿನಲ್ಲೂ ನಿದ್ದೆ ಮಾಡಿದಳು. ನನಗೆ ನಿದ್ದೆ ಬರಲಿಲ್ಲ. ಹೊಳ್ಳಿ ಬರುವಾಗ ಬೋಟು ಎಷ್ಟು ಸಲ ಹೊಯ್ದಾಡಿತೋ ಅಷ್ಟು ಸಲ ನಾನು ಅಂಗಿ ಮುಟ್ಟಿ ನೋಡಿಕೊಂಡೆ.

ಅವ್ವ ನಮ್ಮನ್ನು ಕಾಯುತ್ತ ಅಕ್ಕಲಕೋಟಕ್ಕೆ ಬಂದಿದ್ದಳು. ಮೊದಲ ಸಂಜೆ ಅವಳು ಎರಡು ಸಲ ಕೆಮ್ಮಿದಳು. ಅಜ್ಜಿ ಆರಾಮವಾಗಿ ರೊಟ್ಟಿ ಬಡಿಯುತ್ತಲೇ ಇದ್ದಳು. ಈಗ ಕೈ ನಿಂತದ್ದು ನನ್ನದು. ಅವತ್ತೇ ಖಣ ಕೊಟ್ಟುಬಿಡಬಹುದಿತ್ತು, ಬಾಯಿ ಬರಲಿಲ್ಲ. ಚೀಲದ ತಳಕ್ಕೆ, ಸಾಲಿಯ ಪುಸ್ತಕದ ಕೆಳಗೆ ಹಾಕಿದೆ.

ಆದರೆ ಕಟ್ಟೆಯ ಮೇಲೆ ಓಣಿಯ ಮಂದಿ ಕೂತು ಮುಂದೇನಾಯಿತು ಎಂದು ಕೇಳಿದಾಗ ಬಾಯಿ ಚೆನ್ನಾಗಿಯೇ ಬಂತು. ನೀರಿನೊಳಗಿಂದ ಹಸಿರು ಬಳೆಯ ಕೈಯೊಂದು ಮೇಲೆದ್ದು ಖಣ ತೆಗೆದುಕೊಂಡು ಹೋಯಿತೆಂದೆ. ನಗುತ್ತಾರೆಂದು ಹೇಳಿದ್ದು. ಯಾರೂ ನಗಲಿಲ್ಲ. ಕಣ್ಣು ಮುಚ್ಚಿಕೊಂಡು ಕೂತು ಅದನ್ನು ಕಾಣಲಾರದೆ ಹೋದ ಅಜ್ಜಿ, ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಮರುದಿನದಿಂದ ಅವಳೇ ಮಂದಿಯನ್ನು ಕರೆದು ತಂದು ಕೂಡಿಸತೊಡಗಿದಳು. ಕೈಯ ಭಾಗ ಬಂದಾಗ ಮುಂದೆ ಸರಿದು ಕೂಡುತ್ತಿದ್ದಳು.

ಎಂಟನೆಯ ದಿನವೋ ಒಂಬತ್ತನೆಯ ದಿನವೋ, ಬಿಸಿಲು ಆರಿದ ಹೊತ್ತು. ಕಪ್ತಾನ ಬಂದು ಹೋಗಿದ್ದ, ತಿಮಿಂಗಿಲ ಬಂದು ಹೋಗಿತ್ತು. ಪಡಾವು ನದಿಯ ಬಾಯಿಗೆ ಬಂದಿತ್ತು. ಕೈ ಇನ್ನೇನು ಏಳಬೇಕು. ಆಗ ಒಳಗಿನಿಂದ ಅವ್ವ ಬಂದಳು. ಒಗೆಯಲು ನನ್ನ ಅರಿವೆ ತೆಗೆಯಲು ಹೋಗಿದ್ದಳು. ಕೈಯಲ್ಲಿ ಖಣವಿತ್ತು.

ಅಜ್ಜಿ ಮೊದಲು ಖಣ ನೋಡಿದಳು, ಆಮೇಲೆ ಮೂಲೆಯ ಅರಿಷಿಣ.

"ಅಜ್ಜಿಗಿ ಖರೇ ಹೇಳು," ಎಂದಳು ಅವ್ವ.

ಹೇಳಿದೆ. ಒಂಬತ್ತು ದಿನ ಹೇಳಿದ್ದು ಎರಡು ಮಾತಿನಲ್ಲಿ ಮುಗಿಯಿತು. ಓಣಿಯವರು ಒಬ್ಬೊಬ್ಬರೇ ಎದ್ದು ಹೋದರು. ಅಜ್ಜಿ ನನ್ನನ್ನು ಬಯ್ಯಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಎದ್ದು ಹೋಗಿ ಅವ್ವನ ಕೊರಳಿಗೆ ಮುಂಗೈ ಹಚ್ಚಿ ಜ್ವರ ನೋಡಿದಳು. ಹಣೆ ಮುಟ್ಟಿದಳು, ಮತ್ತೆ ಕೊರಳು ಮುಟ್ಟಿದಳು.

"ಬೋಟ್ ಮತ್ತ ಯಾವಾಗ ಬಿಡ್ತಾರ?" ಎಂದು ಕೇಳಿದಳು.

"ಯಾವ ಬೋಟೂ ಬ್ಯಾಡ ಯವ್ವಾ," ಎಂದಳು ಅವ್ವ. ಖಣವನ್ನು ಅಜ್ಜಿಯ ಕೈಯಲ್ಲಿಟ್ಟು, ಅಲ್ಲಿಯೇ ಕಟ್ಟೆಯ ಮೇಲೆ ಮೂಡಣಕ್ಕೆ ಮುಖ ಮಾಡಿ ಕೂತಳು. ಸವೆದ ತೋಳಿನ ಎರಡೂ ಕೈ ಚಾಚಿ ಸೆರಗು ಒಡ್ಡಿದಳು. "ನಾಳಿ ನಾ ಸೊಲ್ಲಾಪುರಕ್ಕ ಹೋಗಾಕಿ. ಬರಿಗೈಲೆ ಕಳಸ್ತೀಯೇನು? ನಾನೂ ಮುತ್ತೈದಿನ ಅಲ್ಲೇನು? ನನಗ ಉಡಿ ತುಂಬು."

ಅಜ್ಜಿ ಖಣ ಹಿಡಿದುಕೊಂಡೇ ಅಕ್ಕಿ ತರಲು ಒಳಗೆ ಹೋದಳು.