ಮೂರನೇ ಮೇಜಿನ ಗಿರಾಕಿ

ಕಲ್ಕತ್ತೆಯ ಲೇಕ್ ಮಾರ್ಕೆಟ್ಟಿನಲ್ಲಿ ಇಡ್ಲಿ ಹೋಟೆಲಿಟ್ಟಿರುವ ಉಪಾಧ್ಯರದು ಒಂದೇ ಕ್ರಮ: ಗಿರಾಕಿ ಕೂತ ಕೂಡಲೇ ಎದುರಿಗೆ ನೀರಿಡಬೇಕು, ಮಾತೆಲ್ಲ ಆಮೇಲೆ. ವ್ಯಾಪಾರ ಹೆಚ್ಚಲೆಂದು ಮಗಳು ಶರ್ಮಿಳಾ ಹೋಟೆಲಿಗೊಂದು ಬ್ಲಾಗು ಮಾಡಿಕೊಟ್ಟಳು. ‘ಮೆನು ಬರೆಯಿರಿ ಅಪ್ಪ’ ಅಂದರೆ ಅವರು ಬರೆಯುವುದು ಹಳೇ ಗಿರಾಕಿಗಳ ಕತೆ: ಸಾಂಬಾರಿಗೆ ಸಕ್ಕರೆ ಕೇಳುತ್ತಿದ್ದ ಬ್ಯಾನರ್ಜಿ ಬಾಬು, ಮೂರನೇ ಮೇಜು ಬಿಟ್ಟು ಬೇರೆಲ್ಲೂ ಕೂರದ ರೈಲ್ವೆಯ ಕುಲಕರ್ಣಿ. ಹೋಟೆಲಿನ ವಿಳಾಸ ಹಾಕಿ ಅಂದರೆ, ‘ಗೊತ್ತಿಲ್ಲದವರು ಯಾರುಂಟು ಮಾರಾಯ್ತಿ?’ ಎನ್ನುತ್ತಾರೆ. ಓದುವವರೋ, ವರ್ಗವಾಗಿ, ನಿವೃತ್ತರಾಗಿ ಕಲ್ಕತ್ತೆ ಬಿಟ್ಟವರೇ ಎಲ್ಲ. ‘ಇವರ್ಯಾರೂ ತಿನ್ನಲಿಕ್ಕೆ ಬರುವವರಲ್ಲ, ಎಂತ ಮಾರ್ಕೆಟಿಂಗ್ ಇದು?’ ಎಂದು ಶರ್ಮಿಳಾ ಮೊನ್ನೆ ಸಿಡುಕಿದಳು. ಅಷ್ಟರಲ್ಲಿ ಹುಬ್ಬಳ್ಳಿಯಿಂದ ಕುಲಕರ್ಣಿಯ ಕಮೆಂಟು ಬಂತು: ‘ನನ್ನ ಟೇಬಲ್ ಇನ್ನೂ ಅದ ಏನ್ರಿ?’ ಉಪಾಧ್ಯರು ಎದ್ದು ಹೋಗಿ, ಖಾಲಿಯಿದ್ದ ಮೂರನೇ ಮೇಜಿನ ಮೇಲೆ ಒಂದು ಲೋಟ ನೀರಿಟ್ಟರು.